ಕನ್ನಡಕದ ರಾಯರ ಮೂವತ್ತೇಳನೇ ಹಿಡಿತ

ಲಿಫ್ಟಿನೊಳಗೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. "ಇಂದು ಸಂಜೆ ಆರು ಗಂಟೆಗೆ ನಿವಾಸಿಗಳ ಸಭೆ. ವಿಷಯ: ಎರಡನೇ ಮಹಡಿಯ ಗಿಟಾರ್."

ಎರಡನೇ ಮಹಡಿಯಲ್ಲಿದ್ದದ್ದು ಒಂದೇ ಗಿಟಾರ್. ಅದರ ಒಡೆಯರು ಕನ್ನಡಕದ ರಾಯರು. ಕನ್ನಡಕ ಅವರು ಹಾಕುತ್ತಿದ್ದುದಲ್ಲ, ಮಾರುತ್ತಿದ್ದುದು. ಬೀದಿಯ ಮೂಲೆಯ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಕೇಳುತ್ತ ಬಂದಿದ್ದರು. ಅಂಗಡಿ ಕಿರಿದು. ಹಾಗಾಗಿ ತಿರುಗುಮುರುಗಾಗಿ ಬರೆದ ಅಕ್ಷರಗಳ ಹಲಗೆ ಗಿರಾಕಿಯ ಬೆನ್ನ ಹಿಂದಿರುತ್ತಿತ್ತು, ಎದುರಿನ ಕನ್ನಡಿಯಲ್ಲಿ ಅದು ಸರಿಯಾಗಿ ಕಾಣುತ್ತಿತ್ತು. ಇಡೀ ದಿನ ಊರವರ ಕಣ್ಣಿಗೆ ಮೀಸಲಾಗಿದ್ದ ರಾಯರಿಗೆ ತಮ್ಮದು ಅಂತ ಇದ್ದದ್ದು ಬೆಳಗಿನ ಏಳರಿಂದ ಏಳೂವರೆ. ಆ ಅರ್ಧ ಗಂಟೆ ಗಿಟಾರಿನದು.

ಗುರುಗಳಿರಲಿಲ್ಲ. ಆರು ತಿಂಗಳ ಹಿಂದೆ ಭಾವಮೈದ ಹೊಸ ಟ್ಯಾಬ್ಲೆಟ್ ಕೊಂಡು ತನ್ನ ಹಳೆಯದನ್ನು ಭಾವನಿಗೆ ದಾಟಿಸಿದ್ದ. ಅದರಲ್ಲೊಂದು ಗಿಟಾರ್ ತಂತ್ರಾಂಶ ಇತ್ತು. ಕೆಲವು ಸ್ವರಗಳನ್ನು ಕೂಡಿಸಿ ಒಟ್ಟಿಗೆ ಮೀಟಿದರೆ ಹುಟ್ಟುವ ಗೊಂಚಲಿಗೆ ಗಿಟಾರಿನವರು ಕಾರ್ಡ್ ಅನ್ನುತ್ತಾರೆ. ಬೇಕಾದ ಕಾರ್ಡಿನ ಹೆಸರು ಒತ್ತಿದರೆ ಪರದೆಯ ಮೇಲೆ ಆರು ಗೆರೆ ಮೂಡುತ್ತವೆ, ಬೆರಳಿಡಬೇಕಾದಲ್ಲಿ ಚುಕ್ಕೆ ಬೀಳುತ್ತದೆ. ಒಂದೇ ಕಾರ್ಡಿಗೆ ನಲವತ್ತೆಂಟು ಬಗೆಯ ಹಿಡಿತ! ರಾಯರು ಮೊದಲನೇ ಹಿಡಿತವನ್ನು ಒಂದೇ ವಾರದಲ್ಲಿ ಕೈಬಿಟ್ಟರು. "ಎಲ್ಲರೂ ಹಿಡಿಯೋ ಹಾಗೆ ಹಿಡಿಯೋಕೆ ನಾನೇ ಯಾಕೆ ಬೇಕು?" ಎನ್ನುವುದು ಅವರ ವಾದ. ಈಗ ಅವರು ಸಿ ಮೇಜರ್ ಕಾರ್ಡಿನ ಮೂವತ್ತೇಳನೇ ಹಿಡಿತದಲ್ಲಿದ್ದರು. ಕಿರುಬೆರಳು ಅರ್ಧ ಊರು ದಾಟಬೇಕಾಗುತ್ತಿತ್ತು.

ಮಾದರಿಗೆಂದು ಯಂತ್ರ ನುಡಿಸುವ ಕಾರ್ಡು ಜೇನು ಸುರಿದಂತಿರುತ್ತಿತ್ತು. ರಾಯರು ನುಡಿಸಿದರೆ ಅಟ್ಟದಿಂದ ಪಾತ್ರೆ ಉರುಳಿದಂತಾಗುತ್ತಿತ್ತು. ಅದಕ್ಕೂ ಅವರ ಬಳಿ ಉತ್ತರವಿತ್ತು. ಯಂತ್ರದ್ದು ದುಬಾರಿ ಗಿಟಾರ್, ತಮ್ಮದು ಸಾಧಾರಣ ಮರ.

ಅಂಗಡಿಗೆ ಹೊರಟಿದ್ದ ರಾಯರು ಚೀಟಿಯನ್ನು ಎರಡೆರಡು ಸಲ ಓದಿದರು. ಅರ್ಧ ಗಂಟೆ ಹೋದರೆ ಉಳಿಯುವುದೇನು, ಬರೀ ಕನ್ನಡಕ! ಆದರೆ ಅವರು ಹೆದರುವ ಕುಳವಲ್ಲ. ಮನೆಗೆ ವಾಪಸು ಬಂದು ಕಟ್ಟಡದ ನಿಯಮಾವಳಿ ತೆಗೆದರು. ಹದಿನಾಲ್ಕನೇ ನಿಯಮ ಚೊಕ್ಕವಾಗಿತ್ತು: "ಸಂಗೀತಕ್ಕೆ ಅವಕಾಶವಿದೆ. ಗದ್ದಲಕ್ಕೆ ಇಲ್ಲ."

"ನೋಡಿದ್ಯಾ ಇವಳೇ? ನಂದು ಸಂಗೀತ ಅಂತ ಸಾಬೀತಾದ್ರೆ ಮುಗೀತು," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಸಾಬೀತು ಮಾಡೋರ್ಯಾರು?" ಎಂದು ಹೆಂಡತಿ ಮಿಕ್ಸಿ ತಿರುಗಿಸಿದಳು.

ಆಗ ನಡೆಯಿತು ಪವಾಡ. ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟಿದ್ದ ಟ್ಯಾಬ್ಲೆಟ್ಟಿನ ಮೂಲೆಯಲ್ಲಿ ಕಿವಿಯ ಚಿತ್ರವೊಂದಿತ್ತು. ರಾಯರ ಮೊಣಕೈ ಅದಕ್ಕೆ ತಗುಲಿತು. ಮಿಕ್ಸಿ ಗುರ್ರೆನ್ನುತ್ತಿದ್ದಂತೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: "ಎಫ್ ಮೈನರ್." ಕಿವಿಗೆ ಬಿದ್ದ ಕಾರ್ಡಿನ ಹೆಸರು ಹೇಳುವ ವಿದ್ಯೆಯೂ ಯಂತ್ರಕ್ಕೆ ಗೊತ್ತಿದೆ ಎಂದು ರಾಯರಿಗೆ ತಿಳಿದದ್ದು ಆರು ತಿಂಗಳಲ್ಲಿ ಅದೇ ಮೊದಲು.

"ಸಾಕ್ಷಿ ಸಿಕ್ತು! ಈ ಯಂತ್ರ ಯಾವುದಕ್ಕೆ ಹೆಸರು ಕೊಡುತ್ತೋ ಅದೇ ಸಂಗೀತ!"

"ಹಾಗಾದ್ರೆ ಮೊದ್ಲು ನಿಮ್ಮ ಗಿಟಾರ್ ಕೇಳಿಸಿ ನೋಡ್ರೀ."

"ಅಪರಂಜಿಗೆ ಯಾರಾದ್ರೂ ಒರೆಗಲ್ಲು ಹಿಡೀತಾರೇನೇ?"

"ಒರೆಗಲ್ಲು ಇರೋದೇ ಚಿನ್ನಕ್ಕೆ ಅಲ್ವಾ?" ಎಂದಳು ಅವಳು. ರಾಯರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಯಂತ್ರವೊಂದನ್ನೇ ನಂಬಿ ಸಭೆಗೆ ಹೋದರೆ ಸಾಲದು, ಕೈ ಎತ್ತುವ ಜನವೂ ಬೇಕು. ನೆಲಮಹಡಿಯ ಬಡಗಿಗೆ ಬೆಳಿಗ್ಗೆ ಹತ್ತರ ಮೊದಲು ಗರಗಸ ಮುಟ್ಟಕೂಡದೆಂಬ ನಿರ್ಬಂಧವಿತ್ತು. ಮೂರನೇ ಮಹಡಿಯ ಹೊಲಿಗೆಯಮ್ಮ ಮಧ್ಯಾಹ್ನ ಹೊಲಿಯುವಂತಿರಲಿಲ್ಲ. ಎರಡನ್ನೂ ಹೇರಿದವರು ಕಾರ್ಯದರ್ಶಿಗಳು. ಅವರು ನಿವೃತ್ತ ಸ್ಟೇಷನ್ ಮಾಸ್ತರು, ರಾಯರ ಕೆಳಗಿನ ಮನೆಯವರು, ಗಿಟಾರಿನ ಮೇಲೆ ದೂರು ಕೊಟ್ಟವರೂ ಅವರೇ.

ರಾಯರು ಮೊದಲು ಮೂರನೇ ಮಹಡಿ ಹತ್ತಿದರು. "ಅಮ್ಮಾ, ಸ್ವಲ್ಪ ಹೊಲೀರಿ."

ಹೊಲಿಗೆಯಮ್ಮ ಅನುಮಾನದಿಂದಲೇ ತುಳಿದರು. ಯಂತ್ರ ಎರಡು ಕ್ಷಣ ಯೋಚಿಸಿ "ಜಿ ಸಿಕ್ಸ್" ಎಂದಿತು. ಹಾಗೆಂದರೆ ಏನೆಂದು ರಾಯರು ಬಿಡಿಸಿ ಹೇಳಿದಾಗ ಆಕೆಯ ಕಣ್ಣು ತುಂಬಿ ಬಂತು. "ಮೂವತ್ತು ವರ್ಷದಿಂದ ಬರೀ ಟಕಟಕ ಅನ್ಕೊಂಡಿದ್ದೆ ನೋಡಿ. ನನ್ನ ಓಟು ನಿಮಗೇ ರಾಯರೇ."

ಬಡಗಿ ಇನ್ನೂ ಘಾಟಿ. "ಗರಗಸದ ಸದ್ದು ಸಂಗೀತ ಅಂದ್ರೆ ಯಾರು ನಂಬ್ತಾರೆ ಸಾರ್?" ಎಂದು ಮೇಜಿನ ಕಾಲೊಂದನ್ನು ಕೊಯ್ದ. "ಡಿ ಸೆವೆನ್" ಎಂದು ಬಂತು. ಅವನು ಗರಗಸವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದ. ಇನ್ನೊಂದು ಕಾಲು ಕೊಯ್ದ. ಮತ್ತೂ ಒಂದು. ಗಿರಾಕಿಯ ಮೇಜಿನ ಕಾಲುಗಳೆಲ್ಲ ಗೇಣುದ್ದಕ್ಕೆ ಇಳಿದ ಮೇಲೆಯೇ ಅವನಿಗೆ ನಂಬಿಕೆ ಬಂದದ್ದು. "ನಾನೂ ನಿಮ್ಮ ಕಡೇನೇ ಸಾರ್!"

ಸುದ್ದಿ ಹಬ್ಬಿತು. ರಾಯರು ಅಂಗಡಿಗೆ ಹೊರಟರೆ ಮೆಟ್ಟಿಲಿಗೊಬ್ಬರು ಅಡ್ಡ ಬಂದರು. ಒಬ್ಬರ ಕರೆಗಂಟೆ, ಒಬ್ಬರ ನಲ್ಲಿ, ಒಬ್ಬರ ಯಜಮಾನರ ಗೊರಕೆ. ಯಂತ್ರ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ತುಕ್ಕು ಹಿಡಿದ ಗೇಟಿಗೆ ಸಿಕ್ಕಿದ ಹೆಸರಂತೂ ಪರದೆಯ ಒಂದು ಸಾಲಿನಲ್ಲಿ ಹಿಡಿಸಲಿಲ್ಲ. ಅಂಗಡಿ ತೆರೆದಾಗ ಹನ್ನೊಂದೂವರೆ. ಆ ದಿನ ರಾಯರು ಅದೆಷ್ಟು ಹುರುಪಿನಲ್ಲಿದ್ದರೆಂದರೆ, ಓದುವ ಕನ್ನಡಕಕ್ಕೆ ಬಂದವರೊಬ್ಬರಿಗೆ ದೂರದ್ದನ್ನು ಕೊಟ್ಟು, ಬೆನ್ನು ತಟ್ಟಿ ಕಳಿಸಿದರು.

ಸಂಜೆ ಆರಕ್ಕೆ ಸಭೆ ಕಿಕ್ಕಿರಿದಿತ್ತು. ಅಕ್ಕನ ಮನೆಗೆ ಆಗಷ್ಟೇ ಬಂದಿದ್ದ ಭಾವಮೈದನೂ ಹಿಂದಿನ ಸಾಲಿನಲ್ಲಿ ಎಡಗೈಯಲ್ಲಿ ಸೇಬು ಹೆಚ್ಚುತ್ತ ಕೂತಿದ್ದ. ಮಾಸ್ತರು ಗಡಿಯಾರ ನೋಡಿ ಬಾಯಿ ತೆರೆಯುವಷ್ಟರಲ್ಲಿ ರಾಯರು ಎದ್ದರು.

"ಮಾಸ್ತರೇ, ಸಂಗೀತ ಯಾವುದು, ಗದ್ದಲ ಯಾವುದು ಅಂತ ಹೇಳೋಕೆ ನೀವು ಯಾರು, ನಾನು ಯಾರು? ಯಂತ್ರ ಹೇಳ್ಲಿ. ಅದಕ್ಕೆ ಮುಖದಾಕ್ಷಿಣ್ಯ ಇಲ್ಲ. ಬರ್ಕೊಳ್ಳಿ ನಿರ್ಣಯ."

ಮಾಸ್ತರು ಪೆನ್ನು ತೆಗೆದರು. ರಾಯರು ಹೇಳುತ್ತ ಹೋದರು. "ಒಂದು. ಯಂತ್ರ ಹೆಸರಿಸಿದ್ದು ಸಂಗೀತ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಅದಕ್ಕೆ ಅಡ್ಡಿ ಇಲ್ಲ. ಎರಡು. ಹೆಸರಿಸದ್ದು ಗದ್ದಲ, ಅದು ಬಂದ್. ಮೂರು. ಮುಂದಿನ ವಾರ್ಷಿಕ ಸಭೆವರೆಗೆ ಮರುಪರೀಕ್ಷೆ ಕೂಡದು."

"ಮೂರನೇದು ಬೇಕಾ?" ಎಂದರು ಮಾಸ್ತರು.

"ಬೇಕೇ ಬೇಕು. ಇಲ್ದಿದ್ರೆ ನೀವು ವಾರಕ್ಕೊಂದ್ಸಲ ನನ್ನ ಗಿಟಾರ್ ತಪಾಸಣೆಗೆ ಬರ್ತೀರಿ!"

ಸಭೆ ಗೊಳ್ಳೆಂದಿತು. ಕೈಗಳು ಮೇಲೆದ್ದವು. ಮೊದಲ ಸಹಿ ರಾಯರದೇ.

ಮಾಸ್ತರು ಪುಸ್ತಕಕ್ಕೆ ಮೊಹರು ಒತ್ತಿ, "ಬಾಕಿ ಎಲ್ಲರದ್ದೂ ಆಗಿದೆಯಂತೆ. ಈಗ ನಿಮ್ಮದು. ಹಾಗೇ ಶಾಸ್ತ್ರಕ್ಕೆ," ಎಂದರು.

ರಾಯರು ಗಿಟಾರನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕಿರುಬೆರಳನ್ನು ದೂರದ ಪ್ರಯಾಣಕ್ಕೆ ಕಳಿಸಿದರು. ಕಣ್ಣು ಮುಚ್ಚಿ ಮೂವತ್ತೇಳನೇ ಹಿಡಿತವನ್ನು ಮೀಟಿದರು.

ಯಂತ್ರ ಯೋಚಿಸಿತು. ಮಿಕ್ಸಿಗೆ, ಗರಗಸಕ್ಕೆ, ಗೊರಕೆಗೆ ಯೋಚಿಸಿದ್ದಕ್ಕಿಂತ ಜಾಸ್ತಿ ಹೊತ್ತು ಯೋಚಿಸಿತು. ಆಮೇಲೆ ಬರೆಯಿತು: "ಯಾವ ಕಾರ್ಡೂ ಸಿಗಲಿಲ್ಲ. ಸುತ್ತಲಿನ ಗದ್ದಲ ಕಡಿಮೆ ಮಾಡಿ ಮತ್ತೆ ಪ್ರಯತ್ನಿಸಿ."

ಸಭೆಯಲ್ಲಿ ಉಸಿರಾಟದ ಸದ್ದೂ ಇರಲಿಲ್ಲ. ರಾಯರು ಬೆವರು ಒರೆಸಿಕೊಂಡು, ಆರು ತಿಂಗಳ ಹಿಂದೆ ಕಲಿತ ಮೊದಲನೇ ಹಿಡಿತಕ್ಕೇ ಇಳಿದು ಮೀಟಿದರು. ಯಂತ್ರ ಅದೇ ಮಾತು ಹೇಳಿತು. ಅಷ್ಟರಲ್ಲಿ ಹೊಲಿಗೆಯಮ್ಮ ಚೆನ್ನಾಗಿ ಕಾಣಲೆಂದು ಕುರ್ಚಿಯನ್ನು ಕಿರ್ರೆಂದು ಎಳೆದುಕೊಂಡರು.

"ಇ ಮೈನರ್," ಎಂದಿತು ಯಂತ್ರ.

"ಯಂತ್ರ ಕೆಟ್ಟಿದೆ!" ಎಂದು ರಾಯರು ಕೂಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಭಾವಮೈದ ಸೇಬು ಬಿಟ್ಟು ಎದ್ದು ಬಂದ. ಪರದೆಯನ್ನು ನೋಡಿದ, ಭಾವನ ಬೆರಳುಗಳನ್ನು ನೋಡಿದ. "ಅಯ್ಯೋ ಭಾವ! ಇದು ಇನ್ನೂ ನನ್ನ ಕೈಗೇ ಇದೆಯಲ್ಲ! ನಾನು ಎಡಚ ಅಲ್ವಾ, ಚಿತ್ರ ಎಲ್ಲಾ ಎಡಗೈಯೋರಿಗೆ ಅಂತ ಮಾಡಿಟ್ಟಿದ್ದೆ. ಕನ್ನಡೀಲಿ ಕಂಡ ಹಾಗೆ, ಎಲ್ಲಾ ತಿರುಗುಮುರುಗು. ದಪ್ಪ ತಂತಿ ಮೇಲಿಡೋ ಬೆರಳನ್ನ ನೀವು ತೆಳು ತಂತಿ ಮೇಲೆ ಇಡ್ತಿದೀರ. ಆರು ತಿಂಗಳಿಂದ ನಿಮಗೆ ಗೊತ್ತಾಗ್ಲೇ ಇಲ್ವಾ?"

ಕನ್ನಡಿಯಲ್ಲಿ ಅಕ್ಷರ ಓದಿಸುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದ ರಾಯರು ಟ್ಯಾಬ್ಲೆಟ್ಟನ್ನು ಭಾವಮೈದನ ಕೈಗಿಟ್ಟರು. ದೀಪದ ಬುಡದಲ್ಲೇ ಕತ್ತಲೆ. ಭಾವಮೈದ ಒಂದು ಗುಂಡಿ ಒತ್ತಿದ. ಚುಕ್ಕೆಗಳೆಲ್ಲ ಈ ಬದಿಯಿಂದ ಆ ಬದಿಗೆ ನೆಗೆದು ಕೂತವು. ಅವನೇ ರಾಯರ ಬೆರಳುಗಳನ್ನು ಒಂದೊಂದಾಗಿ ಎತ್ತಿ ಸರಿಯಾದ ತಂತಿಗಳ ಮೇಲಿಟ್ಟ. ರಾಯರು ಮೀಟಿದರು.

ಜೇನು ಸುರಿದಂತಾಯಿತು. "ಸಿ ಮೇಜರ್," ಎಂದಿತು ಯಂತ್ರ. ತಮ್ಮ ಸಾಧಾರಣ ಮರದೊಳಗೆ ಇದು ಆರು ತಿಂಗಳಿಂದ ಕಾಯುತ್ತಿತ್ತಲ್ಲ ಎಂದು ರಾಯರ ಕಣ್ಣಲ್ಲಿ ನೀರು ಬಂತು.

"ಬರ್ಕೊಳ್ಳಿ ಮಾಸ್ತರೇ! ಸಿ ಮೇಜರ್!"

ಮಾಸ್ತರು ಕನ್ನಡಕ ಏರಿಸಿದರು. ರಾಯರ ಅಂಗಡಿಯದೇ, ಅಕ್ಷರಗಳು ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು. "ಮೂರನೇ ಅಂಶ. ಮರುಪರೀಕ್ಷೆ ಕೂಡದು. ಕೆಳಗೆ ಮೊದಲ ಸಹಿ ನಿಮ್ಮದೇ ರಾಯರೇ."

ಬಡಗಿ ಮಾತ್ರ ಮನಸ್ಸು ತುಂಬಿ ಬಂದು ರಾಯರ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಮರೆಯೋದಿಲ್ಲ ಸಾರ್. ಆ ಮೇಜಿನ ಕಾಲುಗಳನ್ನ ಹೊಸದಾಗಿ ಕೊಯ್ಬೇಕು. ನಾಳೆ ಬೆಳಿಗ್ಗೆ ಆರು ಗಂಟೆಗೇ ಶುರು ಹಚ್ಕೋತೀನಿ. ಏಳು, ಏಳೂವರೆಗಂತೂ ಡಿ ಸೆವೆನ್ ನಿಮ್ಮ ಮನೇವರೆಗೂ ಕೇಳ್ಸುತ್ತೆ. ಕಿಟಕಿ ತೆಗೆದಿಟ್ಕೊಳ್ಳಿ."