ಮೂರು ಪಥ್ಯ, ಒಂದು ಸೌಟು

"ಎರಡು ತಿಂಗಳದಾಗ ನಾಕು ಕಿಲೋ ಇಳೀಲಿಲ್ಲಂದ್ರ ಸಕ್ಕರಿ ಕಾಯಿಲೆಗೆ ಸೂಜೀನ ಗತಿ" ಎಂದು ಡಾಕ್ಟರು ಹೇಳಿದಂದಿನಿಂದ ಪಾರವ್ವನ ನಿದ್ದೆ ಹಾರಿಹೋಗಿತ್ತು. ಸೂಜಿ ಕಂಡರೆ ಆಕೆಯ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ಸಿರಿಧಾನ್ಯ ಉಣ್ಣು ಅಂದಳು. ನಾದಿನಿ ಅನ್ನ ರೊಟ್ಟಿ ಬಿಟ್ಟು ಬರೀ ಪನೀರು, ಶೇಂಗಾ ಅಂದಳು. ಎದುರುಮನೆಯವಳು ಏನು ಬೇಕಾದರೂ ಉಣ್ಣು, ಎಂಟು ತಾಸಿನೊಳಗೆ ಮುಗಿಸು ಅಂದಳು.

ಗಂಡ ಮುರಿಗೆಪ್ಪ ಗದಗಿನ ಐಟಿಐಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಾಲ್ಕೇ ದಿನದಲ್ಲಿ ತಾನೇ ಜೋಡಿಸಿದ ಯಂತ್ರವೊಂದನ್ನು ಪಡಸಾಲೆಗೆ ಉರುಳಿಸಿಕೊಂಡು ಬಂದ. ಅದಕ್ಕೆ ಕಾಲಿನ ಬದಲು ಗಾಲಿ, ಹೊಟ್ಟೆಯ ತುಂಬ ಡಬ್ಬಿ, ಕೈಯಲ್ಲಿ ಸೌಟು. ಜೊತೆಗೆ ತೂಕ ಹೇಳುವ ಮಣೆ.

"ಒಂದೊಂದು ಪಥ್ಯ ಮೂರ್ಮೂರು ದಿನ. ಯಾವುದು ಗೆಲ್ತೈತಿ ಅದನ್ನ ಹಿಡಿಯೋಣು" ಎಂದು ಮೀಸೆ ತಿರುವಿದ. "ಬಡಿಸೂ ಕೈ ನೋಡು, ಒಂದು ಹನಿ ಚೆಲ್ಲಂಗಿಲ್ಲ. ತಂಗಿ ಮಗಳ ಮದುವಿ ವಿಡಿಯೋ ತೋರ್ಸಿ ಕಲಿಸೀನಿ!"

ನವಣೆ ಅನ್ನ ಎರಡು ಸೌಟು ಬಿತ್ತು. "ಸಾಕು" ಎಂದಳು ಪಾರವ್ವ.

"ಸಂಕೋಚ ಮಾಡ್ಕೋಬ್ಯಾಡ್ರಿ" ಎನ್ನುತ್ತ ಯಂತ್ರ ಇನ್ನೆರಡು ಹಾಕಿತು. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸಿತು. ಬೀಗರ ಪಂಕ್ತಿಯಲ್ಲಿ ಸಾಕೆಂದವರನ್ನು ಯಾರಾದರೂ ಬಿಟ್ಟದ್ದುಂಟೆ? ಅದು ಕಲಿತದ್ದೂ ಅದನ್ನೇ. ಅನ್ನ ಚೆಲ್ಲಿದರೆ ಪಾಪವೆಂದು ನಂಬಿದ ಪಾರವ್ವ ಅಷ್ಟನ್ನೂ ಉಂಡಳು. ಮೂರು ದಿನಕ್ಕೆ ಒಂದು ಕಿಲೋ ಏರಿತು. ಪನೀರಿನ ಸರದಿಯಲ್ಲಿ ಇನ್ನೊಂದು ಏರಿತು.

"ಇದು ಪಥ್ಯ ಏನ್ರೀ, ಬೀಗರ ಊಟ?" ಎಂದು ಆಕೆ ಅತ್ತೇಬಿಟ್ಟಳು.

"ಮೂರನೇದು ಐತಲ್ಲ" ಎಂದ ಮುರಿಗೆಪ್ಪ.

ಮುಂಜಾನೆ ಹತ್ತಕ್ಕೆ ಬಡಿಸಲು ನಿಂತ ಯಂತ್ರ ಹನ್ನೊಂದೂವರೆಯಾದರೂ ಕೈ ನಿಲ್ಲಿಸಲಿಲ್ಲ. ಎಂಟು ತಾಸು ಎಂದರೆ ಎಂಟು ತಾಸೂ ಬಡಿಸಬೇಕೆಂದು ಅದರ ತಿಳಿವಳಿಕೆ. ಪಾರವ್ವ ಎದ್ದು ಓಡಿದಳು. "ಇನ್ನೊಂದು ಸೌಟು, ಅಕ್ಕಾರ" ಎನ್ನುತ್ತ ಅದು ಓಣಿಯುದ್ದಕ್ಕೂ ಬೆನ್ನು ಹತ್ತಿತು. ಆಕೆ ಮಠದ ದಾಸೋಹಕ್ಕೆ ನುಗ್ಗಿದಳು. ಅಲ್ಲಿ ಜನ ಊಟಕ್ಕೆ ಕೂತಿದ್ದರು. ದಿಕ್ಕು ತೋಚದೆ ಸಾರಿನ ಬಕೆಟ್ಟಿನಲ್ಲಿದ್ದ ಸೌಟನ್ನೇ ಎತ್ತಿ ಹೊಡೆಯಲು ಹೋದಳು.

ಯಂತ್ರ ಗಕ್ಕನೆ ನಿಂತಿತು. ಬಡಿಸುವವರಿಗೆ ಯಾರೂ ಬಡಿಸುವುದಿಲ್ಲ, ಅವರ ಊಟ ಕೊನೆಗೆ. ಮದುವೆ ವಿಡಿಯೋದಲ್ಲಿ ಅದನ್ನೂ ನೋಡಿತ್ತು. "ಆ ಸಾಲು ನೀವು ನೋಡ್ರಿ, ಈ ಸಾಲು ನಾ ನೋಡ್ತೀನಿ" ಎಂದಿತು.

ಅಂದಿನಿಂದ ಪಾರವ್ವ ದಿನವೂ ದಾಸೋಹಕ್ಕೆ ನಡೆದು ಹೋಗಿ ಮೂರು ಪಂಕ್ತಿಗೆ ಬಡಿಸಿ, ಕೊನೆಗೆ ಎರಡು ರೊಟ್ಟಿ ಪಲ್ಯ ಉಣ್ಣತೊಡಗಿದಳು. ಮನೆಯಲ್ಲಿ ಸೊಂಟದಲ್ಲಿ ಸೌಟು ಸಿಕ್ಕಿಸಿಕೊಂಡೇ ಓಡಾಡಿದಳು.

ಎರಡು ತಿಂಗಳಾಯಿತು. ಏರಿದ್ದೂ ಇಳಿದು, ಅದರ ಮೇಲೂ ನಾಲ್ಕು ಕಿಲೋ ಕಡಿಮೆಯಾಗಿತ್ತು. "ಸೂಜಿ ಬ್ಯಾಡ ಬಿಡ್ರಿ" ಎಂದರು ಡಾಕ್ಟರು. ಪಾರವ್ವನ ಕಣ್ಣು ತುಂಬಿ ಬಂತು.

"ಯಾವ ಪಥ್ಯ ಮಾಡಿದ್ರಿ?"

ಆಕೆ ಚೀಲದಿಂದ ಸೌಟು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರ ಗಮನ ಅತ್ತ ಇರಲಿಲ್ಲ. ಬಾಗಿಲಲ್ಲಿ ಮುರಿಗೆಪ್ಪ ಉಬ್ಬಿದ ಹೊಟ್ಟೆ ಹೊತ್ತು ಅಡ್ಡಡ್ಡ ತಿರುಗಿ ಒಳಗೆ ಬರಲು ಹೆಣಗುತ್ತಿದ್ದ. ಮನೆಯಲ್ಲಿ ಯಂತ್ರಕ್ಕೆ ಬಡಿಸಲು ಉಳಿದಿದ್ದ ಬೀಗ ಅವನೊಬ್ಬನೇ.

"ಇವರಿಗೂ ಒಂದು ಸೌಟು ಬರದು ಕೊಡ್ರಿ" ಎಂದಳು ಪಾರವ್ವ.