ಇಂತಿ ತಮ್ಮ

ಎಲ್ಲಕ್ಕೂ ಮೂಲ ಅಂಗಿ ಗುಂಡಿ ಮಾಡುವ ಕಂಪನಿಯ ಸ್ಟೋರ್ ಕೀಪರ್ ಕಳಿಸಿದ ಒಂದು ಇಮೇಲ್. ಇಮೇಲಿನಲ್ಲಿ ತಪ್ಪೇನೂ ಇರಲಿಲ್ಲ. "ನೀವು ಕೇಳಿದ ನೀಲಿ ಗುಂಡಿ ನಾಳೆ ಬರುತ್ತದೆ" ಎಂಬ ಒಂದೇ ಸಾಲು. ಆದರೆ ಆ ಸಾಲಿನ ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ ಕೆಂಪು ಗುಲಾಬಿ, ಗುಲಾಬಿಯ ಕೆಳಗೆ "ನಗುತ್ತಿರಿ, ಖರ್ಚಿಲ್ಲ" ಎಂಬ ನುಡಿಮುತ್ತು, ಅದರ ಕೆಳಗೆ ಮೊಮ್ಮಗಳನ್ನು ಎತ್ತಿಕೊಂಡ ಅವನ ಫೋಟೋ. ಅದೇ ದಿನ ಮಾರಾಟದ ಮ್ಯಾನೇಜರ್ ಕಳಿಸಿದ ಇಮೇಲಿನ ಕೆಳಗೆ ಒಂದು ಹದ್ದು ಹಾರುತ್ತಿತ್ತು. ಲೆಕ್ಕದ ಮೇಡಂ ಇಮೇಲಿನ ಕೆಳಗೆ ಹೆಸರೂ ಇರಲಿಲ್ಲ; ಬೈದು ಮುಗಿಸಿ ದಢಾರನೆ ಬಾಗಿಲು ಹಾಕಿಕೊಂಡವರ ಹಾಗೆ ಅದು ಮುಗಿದಿತ್ತು.

ಮೂರನ್ನೂ ಒಟ್ಟಿಗೆ ಓದಿದವರು ಅಂಗಿ ಕಾರ್ಖಾನೆಯ ಯಜಮಾನರು. ಈ ಗುಂಡಿ ಕಂಪನಿಯ ಅತಿ ದೊಡ್ಡ ಗಿರಾಕಿ. ಹೊಸ ಆರ್ಡರ್ ಕೊಡುವುದೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದ ಅವರು ಬೆಳಿಗ್ಗೆಯೇ ಕಂಪನಿಯ ದೊಡ್ಡ ಸಾಹೇಬರಿಗೆ ಫೋನ್ ಮಾಡಿ, "ಅಲ್ಲ ಸ್ವಾಮಿ, ನಿಮ್ಮದು ಕಂಪನೀನೋ ಸಂತೇನೋ?" ಎಂದು ಕೇಳಿಬಿಟ್ಟರು.

ಸಾಹೇಬರು ಫೋನ್ ಇಟ್ಟವರೇ "ಮೌಸಪ್ಪನ್ನ ಕರೀರಿ" ಎಂದು ಕೂಗಿದರು.

ಮೌಸಪ್ಪ ಅವನ ನಿಜವಾದ ಹೆಸರಲ್ಲ. ಕಂಪನಿಯ ಕಂಪ್ಯೂಟರುಗಳನ್ನೆಲ್ಲ ಒಬ್ಬನೇ ನೋಡಿಕೊಳ್ಳುತ್ತಿದ್ದ, ಯಾರ ಮೌಸ್ ಕೈಕೊಟ್ಟರೂ ಓಡಿ ಬರುತ್ತಿದ್ದ, ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಹೆಸರು ಕಾಯಂ ಆಗಿತ್ತು, ಕೆಲಸ ಮಾತ್ರ ಆಗಿರಲಿಲ್ಲ. ವರ್ಷ ವರ್ಷವೂ "ಮುಂದಿನ ಸಲ ನೋಡೋಣ" ಎನ್ನುತ್ತ ಬಂದಿದ್ದರು. ಅವನೂ ಅವನ ಹೆಂಡತಿಯೂ ಅವಳ ಅಣ್ಣನ ಮನೆಯ ನಡುಮನೆಯಲ್ಲಿ ಮಲಗುತ್ತಿದ್ದರು. ಭಾವ ಟೀವಿ ನೋಡಿ, ಆಕಳಿಸಿ, ಮೈ ಮುರಿದು ಏಳುವ ತನಕ ಇವರು ಹಾಸಿಗೆ ಬಿಡಿಸುವಂತಿರಲಿಲ್ಲ. ಈಗ ಪಕ್ಕದ ಬೀದಿಯಲ್ಲಿ ಒಂದು ಪುಟ್ಟ ಮನೆ ಖಾಲಿಯಾಗಿತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಮನೆ! ಆದರೆ ಮನೆಯೊಡತಿ ಗಟ್ಟಿ ಹೆಂಗಸು. "ಕಾಯಂ ಆದೇಶ ತೋರಿಸಿ, ಬೀಗದ ಕೈ ಇಸ್ಕೊಳ್ಳಿ. ಇವತ್ತು ಸಂಜೆ ತನಕ ಕಾಯ್ತೀನಿ. ಆಮೇಲೆ ಬೇರೆಯವರಿಗೆ" ಎಂದಿದ್ದರು.

"ನೋಡು ಮೌಸಪ್ಪ," ಎಂದರು ಸಾಹೇಬರು. "ನಮ್ಮ ಗುಂಡಿಗಳಿಗೆ ಒಂದು ಅಚ್ಚು ಇದೆಯೋ ಇಲ್ವೋ? ಹಾಗೇ ಎಲ್ಲರ ಇಮೇಲಿಗೂ ಒಂದೇ ಅಚ್ಚಿನ ಸಹಿ ಬೇಕು. ಇವತ್ತೇ ಆಗ್ಬೇಕು. ನಿನ್ನ ಸಹಿ ಸರಿಯಾದ್ರೆ, ಸಂಜೆ ಅದೇ ಸಹಿ ಹಾಕಿ ನಿನ್ನ ಕಾಯಂ ಆದೇಶ ಕಳಿಸ್ತೀನಿ."

ಮೌಸಪ್ಪನಿಗೆ ಆಗಲೇ ಚಿಲಕದ ಸದ್ದು ಕೇಳಿಸಿದಂತಾಯಿತು. ಕಾಫಿಯನ್ನೂ ಕುಡಿಯದೆ ಕೂತು ಅಚ್ಚು ತಯಾರಿಸಿದ. ಮೇಲೆ "ಇಂತಿ ತಮ್ಮ ವಿಶ್ವಾಸಿ", ಅದರ ಕೆಳಗೆ ಹೆಸರು, ಹುದ್ದೆ, ಫೋನ್ ನಂಬರು, ಕೊನೆಗೆ ಕಂಪನಿಯ ಗುರುತು. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಗುಲಾಬಿ ಇಲ್ಲ, ಸರಿ. ಹದ್ದು ಇಲ್ಲ, ಸರಿ. ಇದೇನಿದು ವಿಶ್ವಾಸಿ?"

"ಪತ್ರದಲ್ಲಿ ಹಾಗೇ ಬರೀತಾರಲ್ಲ ಸಾರ್."

"ನಾನು ವಿಶ್ವಾಸಿ, ನಾನು ವಿಶ್ವಾಸಿ ಅಂತ ತಾನೇ ಹೇಳ್ಕೊಂಡ್ರೆ ಕೇಳೋರಿಗೆ ಅನುಮಾನ ಬರುತ್ತೆ ಕಣಯ್ಯ. ತೆಗಿ ಅದನ್ನ."

"ಆಗ ಬರೀ 'ಇಂತಿ ತಮ್ಮ' ಉಳಿಯುತ್ತೆ ಸಾರ್."

"ಉಳೀಲಿ. ಗೌರವಾನೂ ಇದೆ, ಚಿಕ್ಕದಾಗೂ ಇದೆ. ಬೀಗ ಹಾಕಿಬಿಡು, ಯಾರೂ ಕೈಯಾಡಿಸಬಾರದು. ನನಗೆ ಮೀಟಿಂಗ್ ಇದೆ, ಸಂಜೆ ತನಕ ಯಾರೂ ಬಾಗಿಲು ತಟ್ಟಬೇಡಿ."

ಮೌಸಪ್ಪ ತನ್ನ ಜಾಗಕ್ಕೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದ. ಕಂಪನಿಯ ಎಲ್ಲರ ಇಮೇಲಿಗೂ ಹೊಸ ಸಹಿ ಹೋಗಿ ಕೂತಿತು. ಗುಂಡಿ ಕಂಪನಿಯಲ್ಲಿ ಗುಂಡಿ ಒತ್ತಿ ಗುಂಡಿಗೆ ಬಿದ್ದವನು ಇವನೊಬ್ಬನೇ ಇರಬೇಕು.

ಮೊದಲು ಬಂದವರು ಲೆಕ್ಕದ ಮೇಡಂ. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಮೆಟ್ಟಿಲಿಳಿದು ಬರುವ ಸದ್ದಿಗೇ ಗುಮಾಸ್ತರು ನೆಟ್ಟಗೆ ಕೂರುತ್ತಿದ್ದರು.

"ಏನೋ ಮೌಸಪ್ಪ, ನಾನು ಯಾರ ತಮ್ಮ?"

"ಮೇಡಂ?"

"ಆಡಿಟರಿಗೆ ಖಾರವಾಗಿ ಒಂದು ಇಮೇಲ್ ಬರೆದೆ. ಮೈಯೆಲ್ಲ ಉರೀಬೇಕು, ಹಾಗೆ ಬರೆದಿದ್ದೆ. ಅವನು ಏನು ಉತ್ತರ ಕೊಟ್ಟಿದ್ದಾನೆ ಗೊತ್ತಾ? 'ಆಯ್ತು ತಮ್ಮಾ, ಬೇಜಾರು ಮಾಡ್ಕೋಬೇಡ' ಅಂತ! ಕೆಳಗೆ ನೋಡಿದ್ರೆ ನನ್ನ ಹೆಸರಿನ ಮೇಲೇ 'ಇಂತಿ ತಮ್ಮ' ಅಂತ ಇದೆ."

"ಆ ತಮ್ಮ ಅಲ್ಲ ಮೇಡಂ. ತಮ್ಮ ಅಂದ್ರೆ ನಿಮ್ಮ. ಗೌರವದ ತಮ್ಮ."

"ಗೌರವದ ತಮ್ಮನೋ, ಒಡಹುಟ್ಟಿದ ತಮ್ಮನೋ, ಓದೋರಿಗೆ ಹೇಗೆ ಗೊತ್ತಾಗ್ಬೇಕು? ನಾನು ಹೆಂಗಸು ಕಣೋ. ಮನೇಲಿ ನಾಲ್ಕು ಜನ ತಮ್ಮಂದಿರನ್ನ ಸಾಕಿದ ಅಕ್ಕ ನಾನು."

ಮೌಸಪ್ಪ ಸಾಹೇಬರ ಬಾಗಿಲ ಕಡೆ ನೋಡಿದ. ಅದು ಮುಚ್ಚಿತ್ತು. ಅವರು ಒಪ್ಪಿದ "ತಮ್ಮ" ಪದವನ್ನು ಎಲ್ಲರಿಗೂ ಅಳಿಸಿದರೆ ಆದೇಶಕ್ಕೆ ಕುತ್ತು. ಮೇಡಂ ಮಾತು ಕೇಳದಿದ್ದರೆ ಪ್ರಾಣಕ್ಕೇ ಕುತ್ತು. ಒಬ್ಬರಿಗೆ ಮಾತ್ರ ಬದಲಾಯಿಸಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು, ಬೀಗ ತೆಗೆದು ಅವರ ಸಹಿಯನ್ನಷ್ಟೇ "ಇಂತಿ ಅಕ್ಕ" ಎಂದು ಮಾಡಿದ. ಮೇಡಂ ತೃಪ್ತಿಯಿಂದ ಮೇಲೆ ಹೋದರು.

ಕಂಪನಿಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತ ಹಾಗೆ. ಮೇಡಂ ಮೇಲಿನ ಮೆಟ್ಟಿಲು ಮುಟ್ಟುವುದರೊಳಗೆ ಸ್ಟೋರ್ ಕೀಪರ್ ಬಂದು ನಿಂತಿದ್ದ.

"ಅವರಿಗೆ ಅಕ್ಕ, ನನಗೆ ತಮ್ಮಾನಾ? ಸರ್ವೀಸಿನಲ್ಲಿ ನಾನು ಅವರಿಗಿಂತ ಸೀನಿಯರ್ ಕಣಯ್ಯ. ಗುಲಾಬೀನೂ ಕಿತ್ಕೊಂಡೆ, ಮರ್ಯಾದೇನೂ ಕಿತ್ಕೋತೀಯಾ? ನನಗೆ ಅಣ್ಣ ಅಂತ ಹಾಕು."

ಅವನಿಗೆ ಅಣ್ಣ ಎಂದು ಹಾಕುತ್ತಿದ್ದಂತೆ ಗುಂಡಿ ತಪಾಸಣೆ ಮಾಡುವ ಮೇಡಂ ಬಂದರು. ಅವರಿಗೆ ಅಂಥಾ ವಯಸ್ಸೇನೂ ಆಗಿರಲಿಲ್ಲ. ಆದರೆ ಯೋಚನೆ ದೂರದ್ದು.

"ನನಗೆ ಅತ್ತೆ ಅಂತ ಹಾಕಿ."

"ಅತ್ತೆ? ನಿಮಗೆ ಮದುವೇನೇ ಆಗಿಲ್ಲವಲ್ಲ ಮೇಡಂ!"

"ಅದಕ್ಕೂ ಇದಕ್ಕೂ ಏನು ಸಂಬಂಧ? ತೂತು ಸರಿ ಇಲ್ಲ, ಮಾಲು ವಾಪಸ್ಸು ತಗೊಳ್ಳಿ ಅಂತ ನಾನು ಬರೆದ್ರೆ ಎಲ್ಲರೂ ವಾದಕ್ಕೆ ಬರ್ತಾರೆ. ಅತ್ತೆ ಬರೆದ್ರೆ ಎದುರುತ್ತರ ಕೊಡೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ?"

ಈ ಮಾತಿನಲ್ಲಿ ಹುರುಳಿತ್ತು. ಇಂತಿ ಅತ್ತೆ.

ಕೊನೆಗೆ ಮಾರಾಟದ ಮ್ಯಾನೇಜರ್ ಬಂದ. ಹದ್ದು ಹಾರಿಹೋದ ದುಃಖ ಅವನ ಮುಖದ ಮೇಲಿತ್ತು. "ತಮ್ಮ ಅಂದ್ರೆ ಗಿರಾಕಿ ತಲೆ ಮೇಲೆ ಕೈಯಿಟ್ಟು ರೇಟು ಇಳಿಸ್ತಾನೆ. ನನಗೆ ಭಾವ ಅಂತ ಹಾಕು. ಭಾವನ ಮಾತು ಯಾರೂ ತೆಗೆದುಹಾಕಲ್ಲ."

ಭಾವನ ಮಾತಿಗೆ ಇರುವ ಬೆಲೆ ಮೌಸಪ್ಪನಷ್ಟು ಬಲ್ಲವರು ಯಾರು? ಮರುಮಾತಾಡದೆ ಹಾಕಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಕಂಪನಿಯಲ್ಲಿ ಚಿಕ್ಕಪ್ಪ, ದೊಡ್ಡಮ್ಮ, ಅಜ್ಜ, ಅತ್ತಿಗೆ ಎಲ್ಲರೂ ಹುಟ್ಟಿಕೊಂಡಿದ್ದರು. ಒಬ್ಬೊಬ್ಬರಿಗೆ ತಿದ್ದಿಕೊಡುವುದು ಸಾಧ್ಯವಾಗದೆ ಮೌಸಪ್ಪ ಒಂದು ಪಟ್ಟಿಯನ್ನೇ ಜೋಡಿಸಿಬಿಟ್ಟ. ಬೇಕಾದ ಸಂಬಂಧ ಆರಿಸಿಕೊಳ್ಳಿ, ಸಹಿ ತಾನಾಗಿ ಬರುತ್ತದೆ. ಅಚ್ಚು ಒಂದೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಊಟದ ಡಬ್ಬಿ ಬಿಚ್ಚಿದ್ದಾನೆ, ತುತ್ತು ಇನ್ನೂ ಬಾಯಿಗೆ ಹೋಗಿಲ್ಲ, ಮೇಲಿನಿಂದ ಕಿರುಚಾಟ ಕೇಳಿಸಿತು.

ಆದದ್ದು ಇಷ್ಟು. ಲೆಕ್ಕದ ಮೇಡಮೂ ಮಾರಾಟದ ಮ್ಯಾನೇಜರೂ ಸೇರಿ ಅಂಗಿ ಕಾರ್ಖಾನೆಗೆ ದರಪಟ್ಟಿ ಕಳಿಸಿದ್ದರು. ಇಬ್ಬರ ಸಹಿಯೂ ಒಂದರ ಕೆಳಗೆ ಒಂದು ಬಿದ್ದಿತ್ತು. ಇಂತಿ ಅಕ್ಕ. ಇಂತಿ ಭಾವ. ಅಲ್ಲಿನ ಗುಮಾಸ್ತ ಉತ್ತರ ಬರೆದಿದ್ದ: "ದರಪಟ್ಟಿ ತಲುಪಿತು. ತಾವಿಬ್ಬರೂ ಗಂಡ ಹೆಂಡತಿ ಎಂದು ಇಷ್ಟು ದಿನ ತಿಳಿದಿರಲಿಲ್ಲ. ನೂರು ಕಾಲ ಸುಖವಾಗಿ ಬಾಳಿ."

"ನನ್ನ ಗಂಡ ಮನೇಲಿ ಗುಂಡುಕಲ್ಲಿನ ಹಾಗಿದ್ದಾರೆ!" ಎಂದು ಕೆಳಗಿಳಿದು ಬಂದ ಮೇಡಂ ಇಮೇಲನ್ನು ಮೌಸಪ್ಪನ ಮೂಗಿಗೆ ಹಿಡಿದರು. "ಅಕ್ಕನ ಪಕ್ಕ ಭಾವ ಅಂತ ಹಾಕಿದ್ರೆ ಏನರ್ಥ ಬರುತ್ತೆ ಅನ್ನೋ ಜ್ಞಾನ ಬೇಡ್ವೇನೋ?"

"ನನಗೆ ಮನೇಲಿ ಹೆಣ್ಣು ನೋಡ್ತಿದ್ದಾರೆ ಕಣೋ! ಈ ಸುದ್ದಿ ಹೊರಗೆ ಹೋದ್ರೆ ನನ್ನ ಗತಿ ಏನು?" ಎಂದು ಮ್ಯಾನೇಜರ್ ತಲೆ ಹಿಡಿದುಕೊಂಡ. "ಬದಲಾಯಿಸು. ಮಾವ ಅಂತ ಮಾಡು."

ಮೌಸಪ್ಪ ಮಾವ ಎಂದು ಮಾಡಿದ. ಒಂದು ನಿಮಿಷ ನೆಮ್ಮದಿ. ಆಮೇಲೆ ಮೂಲೆಯಿಂದ ತಪಾಸಣೆಯ ಮೇಡಂ ಎದ್ದು ನಿಂತರು.

"ಅವರು ಮಾವ ಆದ್ರೆ, ನಾನು ಅತ್ತೆ. ಇದೇನು ಮೌಸಪ್ಪನವರೇ, ಮದುವೆ ದಲ್ಲಾಳಿ ಕೆಲಸ ಬೇರೆ ಶುರು ಮಾಡಿದ್ದೀರಾ?"

ಹೇಳುತ್ತ ಹೇಳುತ್ತ ಅವರೂ ಮ್ಯಾನೇಜರ್ ಕಡೆ ನೋಡಿದರು. ಅವನೂ ಮೊದಲ ಸಲ ಅವರ ಕಡೆ ನೋಡಿದ. ಹೆಚ್ಚು ಹೊತ್ತೇ ನೋಡಿದ. ಲೆಕ್ಕದ ಮೇಡಂ "ಇದೊಂದು ಬಾಕಿ ಇತ್ತು" ಎಂದು ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ ಗೇಟಿನ ಕಾವಲುಗಾರ ಏದುಸಿರು ಬಿಡುತ್ತ ಓಡಿ ಬಂದ. "ಅಂಗಿ ಕಾರ್ಖಾನೆ ಯಜಮಾನರು ಬಂದಿದ್ದಾರೆ! ಕಾರಿಂದ ಇಳೀತಿದ್ದಾರೆ. ಮುಖ ಎಲ್ಲಾ ಕೆಂಪಗಾಗಿದೆ!"

ಮೌಸಪ್ಪನ ಕಾಲ ಕೆಳಗಿನ ನೆಲ ಕುಸಿಯಿತು. ಆರ್ಡರ್ ಹೋಯಿತು, ಆದೇಶ ಹೋಯಿತು, ಮನೆ ಹೋಯಿತು. ಇನ್ನು ಜೀವಮಾನವೆಲ್ಲ ಭಾವನ ಆಕಳಿಕೆಗೆ ಕಾಯುವುದೇ ಹಣೆಬರಹ ಎಂದು ಅವನಿಗೆ ನಿಜವಾಗಿ ಅಳು ಬಂತು.

ಯಜಮಾನರು ಯಾರನ್ನೂ ಮಾತಾಡಿಸದೆ ನೇರವಾಗಿ ಹೋಗಿ ಸಾಹೇಬರ ಬಾಗಿಲು ತಟ್ಟಿದರು. ಬಾಗಿಲು ತೆರೆದ ಸಾಹೇಬರನ್ನು ಗಬಕ್ಕನೆ ಅಪ್ಪಿಕೊಂಡರು.

"ತಮ್ಮಾ!" ಎಂದರು.

ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಯಜಮಾನರು ಕರ್ಚೀಫಿನಿಂದ ಮೂಗು ಒರೆಸಿಕೊಂಡು ಹೇಳಿದರು: "ನನಗೆ ಒಡಹುಟ್ಟಿದವರು ಯಾರೂ ಇಲ್ಲಪ್ಪ. ಒಂಟಿಯಾಗಿ ಹುಟ್ಟಿದೆ, ಒಂಟಿಯಾಗಿ ದುಡಿದೆ. ಇವತ್ತು ಕಂಪ್ಯೂಟರ್ ತೆಗೆದ್ರೆ ನೀನು ಕಳಿಸಿದ ಇಮೇಲಿನ ಕೆಳಗೆ 'ಇಂತಿ ತಮ್ಮ' ಅಂತ ಬರೆದಿದ್ದೀಯ. ನಿನ್ನ ಹಿಂದೆ ಅಣ್ಣ, ಅಕ್ಕ, ಭಾವ, ಅತ್ತೆ, ಬಳಗಕ್ಕೆ ಬಳಗಾನೇ ಬರೆದಿದೆ. ಗುಂಡೀನ ಸಂಬಂಧಿಕರ ಹತ್ರ ತಗೊಳ್ಳದೆ ಬೀದಿಯವರ ಹತ್ರ ತಗೊಳ್ಳಲಾ? ಆರ್ಡರ್ ನಿಮ್ಮದೇ. ಈ ವರ್ಷದ್ದೂ, ಮುಂದಿನ ವರ್ಷದ್ದೂ."

ಅವರು ಎಲ್ಲರ ಕೈ ಕುಲುಕಿ, ಲೆಕ್ಕದ ಮೇಡಂ ಕಾಲಿಗೆ ನಮಸ್ಕಾರ ಮಾಡಿ ಹೊರಟುಹೋದರು. ಸಾಹೇಬರಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಮೌಸಪ್ಪನ ಬೆನ್ನು ತಟ್ಟಿ ತಟ್ಟಿ ಕೆಂಪಗೆ ಮಾಡಿದರು.

"ಎಂಥಾ ಬುದ್ಧಿ ಕಣೋ ನಿನ್ನದು! ಇಷ್ಟು ದಿನ ನಾವು ಕಂಪನಿ ಆಗಿದ್ವಿ, ಇವತ್ತಿಂದ ಕುಟುಂಬ. ಹೊರಗಿನವರಿಗೆ ನನ್ನ ಸಹಿ ತಮ್ಮ ಅಂತಾನೇ ಇರ್ಲಿ. ಒಳಗಿನವರಿಗೆ ಕಳಿಸೋ ಇಮೇಲಿಗೆ ಅಪ್ಪ ಅಂತ ಹಾಕು."

ಮೌಸಪ್ಪ ಕುಣಿಯುತ್ತ ಹೋಗಿ ಹಾಕಿ ಬಂದ. ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯುತ್ತಿತ್ತು. "ಸಾರ್, ನನ್ನ ಕಾಯಂ ಆದೇಶ..." ಎಂದು ನೆನಪಿಸಿದ.

"ಈಗಲೇ!" ಎಂದು ಸಾಹೇಬರು ಕಂಪ್ಯೂಟರಿನ ಮುಂದೆ ಕೂತರು. 'ತಮ್ಮನ್ನು ಇಂದಿನಿಂದ ಕಾಯಂಗೊಳಿಸಲಾಗಿದೆ' ಎಂದು ಟೈಪ್ ಮಾಡಿದರು. ಕೆಳಗೆ ಸಹಿ ತಾನಾಗಿ ಬಂದು ಕೂತಿತು: ಇಂತಿ ಅಪ್ಪ. ಸಾಹೇಬರ ಬೆರಳು ಅಲ್ಲೇ ನಿಂತಿತು.

"ಇದೇನೋ ಅಸಹ್ಯವಾಗಿದೆ? ಅಪ್ಪ ಮಗನನ್ನ ಕಾಯಂ ಮಾಡ್ತಾನೇನೋ? ಹಾಗಾದ್ರೆ ಇಷ್ಟು ದಿನ ಹಂಗಾಮಿ ಮಗನಾ? ಓದಿದವರು ಏನಂದ್ಕೋತಾರೆ?"

"ಇದೊಂದು ಇಮೇಲಿಗೆ ಅಪ್ಪ ಅನ್ನೋದನ್ನ ತೆಗೀಬಹುದು ಸಾರ್."

"ಅಪ್ಪ ಅನ್ನೋದನ್ನ ತೆಗೀತೀಯಾ?" ಸಾಹೇಬರ ದನಿಯೇ ಬದಲಾಯಿತು. "ಅಲ್ಲ, ಮನೆ ಮಗನಿಗೆ ಆದೇಶದ ಕಾಗದ ಯಾಕೋ ಬೇಕು?"

"ಬೇರೆ ಮನೆ ಮಾಡ್ತಿದ್ದೀವಿ ಸಾರ್. ಅದಕ್ಕೆ ಬೇಕಾಗಿತ್ತು."

ಸಾಹೇಬರ ಮುಖ ಬಾಡಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಾನು ಬದುಕಿರೋವಾಗ್ಲೇ ಬೇರೆ ಮನೆ ಮಾಡ್ತೀಯಾ?"

ಬಾಗಿಲಲ್ಲಿ ನಿಂತಿದ್ದ ಲೆಕ್ಕದ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇವತ್ತು ಒಂದಾಗಿದ್ದೀವಿ, ಇವತ್ತೇ ಮನೆ ಒಡೀತೀಯೇನೋ ಪಾಪಿ!" ಸ್ಟೋರ್ ಕೀಪರ್ "ಅಣ್ಣನಾಗಿ ಹೇಳ್ತೀನಿ, ಹೆಂಡತಿ ಮಾತು ಕಟ್ಕೊಂಡು ಕುಣೀಬೇಡ" ಎಂದ. ಅತ್ತೆ ಮಾವ ಇಬ್ಬರೂ ಒಂದೇ ಕುರ್ಚಿಗೆ ಒರಗಿ ನಿಂತು ತಲೆಯಾಡಿಸಿದರು. ಸಾಹೇಬರು ನಿಟ್ಟುಸಿರು ಬಿಟ್ಟು, ಬರೆದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಪರದೆಯ ಮೇಲೆ 'ಇಂತಿ ಅಪ್ಪ' ಎಂಬುದೊಂದೇ ಉಳಿಯಿತು. ಅದಕ್ಕೆ ಬೀಗ ಇತ್ತಲ್ಲ.

ಮೌಸಪ್ಪ ಹೊರಗೆ ಬರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ರೀ, ಮನೆಯೊಡತಿ ಬೀಗದ ಕೈ ಹಿಡ್ಕೊಂಡು ಎದುರಿಗೇ ನಿಂತಿದ್ದಾರೆ. ಏನ್ ಹೇಳ್ಲಿ? ಕಾಯಂ ಆಯ್ತಾ?"

ಮೌಸಪ್ಪ ಗೋಡೆಗೆ ಒರಗಿ ಹೇಳಿದ:

"ಸಂಬಂಧ ಕಾಯಂ ಆಯ್ತು ಕಣೇ. ಕೆಲಸ ಇನ್ನೂ ಹಂಗಾಮಿ."