ಅಂಗಡಿ ಕಾಣೆಯಾದ ಅಮಾವಾಸ್ಯೆ

ಇನ್ನು ಮುಂದೆ ಗಿರಾಕಿಗಳಿಗಾಗಿ ಒಂದೇ ಒಂದು ಸೀರೆಯನ್ನೂ ಬಿಚ್ಚಿ ಮಡಚುವುದಿಲ್ಲ ಎಂದು ಶಿವಪುತ್ರ ಘೋಷಿಸಿದ್ದು 2003ರಲ್ಲಿ, ಇಳಕಲ್ಲಿನ ತನ್ನ ಮನೆಯ ಪಡಸಾಲೆಯಲ್ಲಿ, ಹೆಂಡತಿ ನಾಗರತ್ನಾ ಮತ್ತು ತಾಯಿ ದುರ್ಗವ್ವನ ಸಮಕ್ಷಮದಲ್ಲಿ. ಆ ಪಡಸಾಲೆಯೇ ಅವನ ಅಂಗಡಿ. ಸೀರೆಗಳ ಫೋಟೋ ತೆಗೆಸಿ ಹೊಸ ಕಂಪ್ಯೂಟರಿಗೆ ತುಂಬಿದ್ದ. ಪರದೆಯ ನಟ್ಟನಡುವೆ ಒಂದು ಪುಟ್ಟ ಹಳದಿ ಚಿತ್ರ. ಅದನ್ನು ಎರಡು ಸಲ ಒತ್ತಿದರೆ ಸೀರೆಗಳು ಒಂದರ ಹಿಂದೊಂದು ಪರದೆ ತುಂಬ ಬರುತ್ತಿದ್ದವು.

"ಅಂಗಡಿ ಪೂರಾ ಇದರಾಗ ಐತಿ ನೋಡವ್ವಾ," ಎಂದು ತಾಯಿಗೆ ಬೆರಳಿಟ್ಟು ತೋರಿಸಿದ್ದ.

ಅಮಾವಾಸ್ಯೆಯ ದಿನ ಕಮತಗಿಯಿಂದ ಮದುವೆ ಜವಳಿ ಕೊಳ್ಳುವವರು ಬರುವವರಿದ್ದರು. ಇಲ್ಲಿ ಮನಸ್ಸು ಒಪ್ಪದಿದ್ದರೆ ಎದುರಿಗೇ ಕಾಳಪ್ಪನ ಅಂಗಡಿ. ಅವರು ಬರುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಶಿವಪುತ್ರ ಕಂಪ್ಯೂಟರ್ ಹಚ್ಚಿದ. ಹಳದಿ ಚಿತ್ರ ಇರಲಿಲ್ಲ.

"ಬಂದೇನವಾಜಗ ಫೋನ್ ಹಚ್ಚಲೇನ್ರಿ?" ಎಂದಳು ನಾಗರತ್ನಾ. ಕಂಪ್ಯೂಟರ್ ತಂದು ಜೋಡಿಸಿಕೊಟ್ಟವನು ಬಂದೇನವಾಜ.

"ಒಂದು ಚಿತ್ರಕ್ಕ ಮಂದೀನ ಕರೀಬೇಕಾ? ಈ ಮನಿಯಾಗ ಗಂಡಸರಿಲ್ಲೇನು?"

"ಅದಾರ. ಅದಕ್ಕ ಕೇಳಿದೆ."

ಶಿವಪುತ್ರ ಶೋಧ ಆರಂಭಿಸಿದ. ಮೊದಲು ಪರದೆಯ ಮೂಲೆಯ ಕಸದ ಬುಟ್ಟಿ ತೆರೆದು, ಇದ್ದದ್ದನ್ನೆಲ್ಲ ಮರಳಿ ಕರೆಸಿಕೊಂಡ. ಗಡೀಪಾರಾದವರೆಲ್ಲ ಊರಿಗೆ ಬಂದರು: ಹಳೆಯ ಲಗ್ನಪತ್ರಿಕೆ, ಅರ್ಧಕ್ಕೆ ಬಿಟ್ಟ ಅರ್ಜಿ, ಇಸ್ಪೀಟು.

"ಇಸ್ಪೀಟ್ ಅಳಿಸೇನಿ ಅಂದಿದ್ರೆಲ್ಲ?"

"ಅಳಿಸಿದ್ದಕ್ಕ ಬುಟ್ಟಿಯಾಗ ಇತ್ತು," ಎಂದ ಶಿವಪುತ್ರ, ಶಾಂತವಾಗಿ.

ಆಮೇಲೆ ಎಲ್ಲೋ ಏನನ್ನೋ ಒತ್ತಿದ. ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪಗಾದವು. ಮತ್ತೊಂದನ್ನು ಒತ್ತಿದ. ಸಾಸಿವೆಯಷ್ಟಾದವು. ಮೂರನೆಯದನ್ನು ಒತ್ತುವಷ್ಟರಲ್ಲಿ ನಾಗರತ್ನಾ ಫೋನ್ ಹಚ್ಚಿ, ರಿಸೀವರನ್ನು ಅವನ ಕಿವಿಗೆ ಹಿಡಿದಾಗಿತ್ತು.

"ಪರದಿ ಮ್ಯಾಲೆ ಏನೇನ ಕಾಣತೈತಿ, ಎಡಗಡಿಂದ ಹೇಳ್ಕೋಂತ ಬರ್ರಿ," ಎಂದ ಬಂದೇನವಾಜ.

"ಕಸದ ಬುಟ್ಟಿ, ಲಗ್ನಪತ್ರಿಕಿ, ಇಸ್ಪೀಟು, ವಿಭೂತಿ..."

"ತಡೀರಿ ಅಣ್ಣಾರ. ವಿಭೂತಿ ನಾ ಹಾಕಿಲ್ಲ."

ಶಿವಪುತ್ರ ಪರದೆಯನ್ನು ಈಗ ಮೊದಲ ಸಲ ನೋಡಿದಂತೆ ನೋಡಿದ. ನಟ್ಟನಡುವೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ. ಮಗ್ಗ, ತಕ್ಕಡಿ, ಸ್ಕೂಟರ್ ಎಲ್ಲಕ್ಕೂ ಅಮಾವಾಸ್ಯೆಗೆ ಪೂಜೆಯಾಗುವ ಮನೆಯಲ್ಲಿ ವಿಭೂತಿ ಯಾರ ಕಣ್ಣಿಗೂ ಬೀಳುವುದಿಲ್ಲ.

"ಅಂಗಡಿ ಪೂರಾ ಅದರಾಗ ಐತಿ ಅಂದಿ. ಗಲ್ಲೆಪೆಟ್ಟಿಗಿಗೆ ಹಚ್ಚಿದಾಂಗ ಅದಕ್ಕೂ ಹಚ್ಚಿದೆ," ಎಂದಳು ದುರ್ಗವ್ವ. ಮಗ ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದ್ದನ್ನು ಕಂಡು ದನಿ ಏರಿಸಿದಳು. "ಸಂಜಿ ದೀಪಾ ಹಚ್ಚೂತನಕ ಮುಟ್ಟೀಗಿಟ್ಟೀ ಮತ್ತ! ಅಮಾಸಿ ಪೂಜಿ ಒರಸ್ತಾರೇನು?"

ಶಿವಪುತ್ರ ಒರೆಸಲಿಲ್ಲ. ಮೌಸಿನ ಬಾಣದ ಗುರುತನ್ನು ವಿಭೂತಿಯೊಳಗೆ ನುಗ್ಗಿಸಿ, ಅಂದಾಜಿನ ಮೇಲೆ ಎರಡು ಸಲ ಒತ್ತಿದ. ಸೀರೆಗಳು ಬಂದವು! ಬಾಗಿಲಲ್ಲಿ ಕಮತಗಿಯವರೂ ಬಂದರು.

ಮದುಮಗಳ ಅಜ್ಜಿ ಗುರಬಸವ್ವ ಕುರ್ಚಿಯನ್ನು ಪರದೆಯ ಮುಂದಕ್ಕೆ ಎಳೆಸಿಕೊಂಡು ಕೂತಳು. ಆಕೆಯ ಹಣೆಯ ಮೇಲೂ ವಿಭೂತಿಯ ಮೂರು ಪಟ್ಟೆ ಢಾಳಾಗಿದ್ದವು. ಒಂದೊಂದೇ ಸೀರೆ ನೋಡಿದಳು, ಬೇಕಾದವಕ್ಕೆ ತಲೆಯಾಡಿಸಿದಳು. ಶಿವಪುತ್ರನ ಎದೆ ಉಬ್ಬಿತು.

"ಭಾಳ ಚಂದ ಅದಾವು," ಎಂದಳು ಕೊನೆಗೆ. "ಆದ್ರ ಎಲ್ಲಾ ಸೀರಿಗೂ ಒಂದ ಜಾಗಾದಾಗ ಡಾಗ ಬಿದ್ದೈತಲ್ರಿ?" ಎಂದು ನಡುವಿನ ಕಲೆಯತ್ತ ಬೆರಳು ತೋರಿದಳು.

"ಅದು ಸೀರಿ ಮ್ಯಾಲಿಂದಲ್ರಿ ಯವ್ವಾ. ಗಾಜಿನ ಮ್ಯಾಲೆ ವಿಭೂತಿ ಹಚ್ಚೇವಿ."

"ಹಂಗಾರ ಒರಸಿ ತೋರಸ್ರಿ."

ಶಿವಪುತ್ರ ತಾಯಿಯತ್ತ ನೋಡಿದ. ತಾಯಿ ಆಗಲೇ ಅವನತ್ತ ನೋಡುತ್ತಿದ್ದಳು.

"ಒರಸಾಕ ಬರಂಗಿಲ್ಲ ಅಂದ್ರ ಡಾಗಿನ ಸೀರೀನ ಅದು," ಎಂದಳು ಗುರಬಸವ್ವ. "ಡಾಗಿನ ಸೀರಿಗೆ ಡಾಗಿನ ಸೀರಿ ರೇಟ್ ಹಚ್ಚರಿ. ಇಲ್ಲಾಂದ್ರ ಎದುರಿಗೆ ಕಾಳಪ್ಪನ ಅಂಗಡಿ ತಗದೈತಿ."

ಶಿವಪುತ್ರ ಎದ್ದ. ಕಪಾಟು ತೆರೆದ. ಆಕೆ ಮೆಚ್ಚಿದ ಅಷ್ಟೂ ಸೀರೆಗಳನ್ನು ಹೊತ್ತು ತಂದು, ತಾನೇ ಕೈಯಾರೆ ಬಿಚ್ಚಿ ಜಮಖಾನೆಯ ತುಂಬ ಹರವಿದ. ಗುರಬಸವ್ವ ಒಂದೊಂದೇ ಸೆರಗನ್ನು ಬೆರಳಲ್ಲಿ ಉಜ್ಜಿ, ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಎಲ್ಲೂ ಡಾಗ ಇಲ್ಲಲ್ಲ."

"ಹೌದಲ್ರಿ ಯವ್ವಾ! ನಾ ಅದನ್ನ ಹೇಳಿದ್ದು."

"ಅಂದ ಮ್ಯಾಲೆ ಇವು ನಾವು ಮೆಚ್ಚಿದ ಸೀರಿ ಅಲ್ಲ ಬಿಡ್ರಿ," ಎಂದಳು ಗುರಬಸವ್ವ. "ಇವನ್ನ ಮಡಚಿ ಇಟ್ಟು, ಆ ಡಾಗಿನ ರೇಟಿನವನ್ನ ತಗೀರಿ."